ಎರಡನೇ ಖೋಲಿ

"ನನ್ನ ಕೆಲಸ ಎಲ್ಲಿ? ಯಾರು ಅಳಿಸಿದ್ದು ಇದನ್ನ?"

ವಿನೋದಿನಿಯ ದನಿಗೆ ಮುಂಬಯಿ ಫೋರ್ಟಿನ ಆ ಮೂರನೇ ಮಹಡಿಯ ಆಫೀಸು ಬೆಚ್ಚಿಬಿತ್ತು. ಡ್ರಾಯಿಂಗ್ ಬೋರ್ಡಿನ ಮೇಲೆ ಬಗ್ಗಿದ್ದವರು ಪೆನ್ಸಿಲ್ ಹಿಡಿದೇ ತಿರುಗಿ ನೋಡಿದರು.

ಅವಳ ಮುಂದಿದ್ದ ಕಂಪ್ಯೂಟರ್ ಪರದೆ ಬೋಳು ಬೋಳು! ಒಂದು ಕ್ಷಣದ ಹಿಂದೆ ಅಲ್ಲಿ ಮೂರು ವಿಂಡೋಗಳಿದ್ದವು. ಬೈಕುಲ್ಲಾದಲ್ಲಿ ಏಳುತ್ತಿದ್ದ ನರ್ಸಿಂಗ್ ಹೋಮಿನ ಮೇಲಿನ ಮಹಡಿಯ ಕಂಬಗಳೆಷ್ಟು ಭಾರ ಹೊರಬೇಕು, ತೊಲೆಗಳೆಷ್ಟು ದಪ್ಪ ಇರಬೇಕು... ಮೂರು ವಾರ ಕೂತು ಮಾಡಿದ ಲೆಕ್ಕ. ಹನ್ನೊಂದು ಗಂಟೆಗೆ ಸಾಹೇಬರಿಗೆ ತೋರಿಸಬೇಕು. ಈಗ ನೋಡಿದರೆ ಖಾಲಿ ಬೂದು ಬಣ್ಣ!

"ಎಲ್ಲಾ ಆ ಹೊಸಬನ ಕಿತಾಪತಿ. ಎಲ್ಲಿ ಅವನು?"

ಹೊಸಬ ಎಂದರೆ ಹಣಮಂತ. ಎರಡು ವಾರದ ಹಿಂದೆ ನಲವತ್ತು ಫ್ಲಾಪಿಗಳ ಕಟ್ಟು ಹಿಡಿದು ಬಂದು, ಆಫೀಸಿನ ಒಂದೇ ಒಂದು ದೊಡ್ಡ ಕಂಪ್ಯೂಟರಿಗೆ ಲಿನಕ್ಸ್ ಎಂಬ ಹೊಸ ವ್ಯವಸ್ಥೆ ಹಾಕಿದವನು. ಸಾವಿರದ ಒಂಬೈನೂರ ತೊಂಬತ್ತಮೂರರಲ್ಲಿ ಆ ಹೆಸರು ಕೇಳಿದವರೇ ಕಮ್ಮಿ.

ಅವನು ಓಡಿ ಬರಲಿಲ್ಲ, ನಡೆದೇ ಬಂದ. ಅದು ಅವಳ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು. ಬಗ್ಗಿ ಮೌಸನ್ನು ಎಡಗಡೆಯ ಅಂಚಿಗೆ ತಳ್ಳಿದ. ಅಷ್ಟೇ! ಮೂರೂ ವಿಂಡೋಗಳು ಪಕ್ಕದಿಂದ ಜಾರಿ ಬಂದು ತಮ್ಮ ಜಾಗದಲ್ಲಿ ನಿಂತವು.

"ನಿಮ್ಮ ಕೆಲಸ ಎಲ್ಲೂ ಹೋಗಿಲ್ರಿ. ಮೌಸ್ ಅಂಚಿಗೆ ತಗಲಿ ನೀವ ಪಕ್ಕದ ಖೋಲಿಗೆ ಹೋಗೀರಿ. ಒಂದ ಪರದ್ಯಾಗ ನಾಲ್ಕು ಖೋಲಿ ಇದ್ದಂಗ ಇದು. ಮೊದಲಿನ ಎರಡು ನಿಮ್ಮವು, ಆಮ್ಯಾಲಿನ ಎರಡು ನನ್ನವು."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ವಿನೋದಿನಿಯ ಕಿವಿ ಬಿಸಿಯಾಯಿತು.

"ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?"

"ಹಾಳಿ ಮ್ಯಾಲ ಬರದು ಕೊಟ್ಟಿದ್ನಲ್ರಿ... ನೀವು ಅದರ ಮ್ಯಾಲ ಚಾದ ಕಪ್ ಇಟ್ಟೀರಿ."

ನಿಜ! ಕಪ್ಪಿನ ಕೆಳಗೆ ಅವನ ಅಕ್ಷರಗಳು ಒದ್ದೆಯಾಗಿದ್ದವು. ಆದರೆ ಒಪ್ಪಿಕೊಳ್ಳುವುದು ಹೇಗೆ, ಇಷ್ಟು ಜನರ ಮುಂದೆ?

"ಫ್ಲಾಪಿ ಹೊತ್ತು ತಂದವರೆಲ್ಲ ಎಂಜಿನಿಯರ್ ಆಗಿಬಿಡಲ್ಲ, ತಿಳೀತಾ? ನಿಮ್ಮ ಖೋಲಿ, ಕೋಣೆ ಎಲ್ಲ ನಿಮ್ಮ ಹತ್ರಾನೇ ಇರಲಿ!"

ಅವನು ಕದಲಲಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ಹೇಳಿದ, "ಹೊತ್ತು ತರೂದು ನಮ್ಮ ಮನ್ಯಾಗ ಎಲ್ಲಾರೂ ಮಾಡ್ತಾರ್ರಿ. ನಮ್ಮವ್ವ ಸಿಮೆಂಟ್ ಹೊರತಾಳ. ಅದರಾಗ ನಾಚಿಕಿ ಪಡೂದು ಏನಿಲ್ಲ."

ಅವಳು ಸರಕ್ಕನೆ ಪರದೆಯ ಕಡೆ ತಿರುಗಿ ಕೂತಳು.

ಅವತ್ತಿನಿಂದ ಶುರುವಾಯಿತು ಹಟ. ಮೂರಲ್ಲ, ಎಂಟು ವಿಂಡೋಗಳಾದರೂ ಸರಿ, ಒಂದರ ಮೇಲೊಂದು ಪೇರಿಸಿಕೊಂಡು ಮೊದಲನೇ ಖೋಲಿಯಲ್ಲೇ ಕೆಲಸ ಮಾಡಿದಳು. ಎರಡನೆಯದಕ್ಕೆ ಕಾಲಿಡಲಿಲ್ಲ. ಮಧ್ಯಾಹ್ನದವರೆಗೆ ಕಂಪ್ಯೂಟರ್ ಅವಳದು, ಆಮೇಲೆ ಅವನದು. ದಿನವೂ ಜಗಳ. ಕುರ್ಚಿ ಯಾಕೆ ಎತ್ತರ ಮಾಡಿದ್ರಿ, ಫ್ಯಾನ್ ಯಾಕೆ ಆರಿಸಿದ್ರಿ...

ಒಂದು ದಿನ ಅವನು ರಜೆ ಹಾಕಿದಾಗ ಮಾತ್ರ ಬಾಗಿಲು ಕಿರುಗುಟ್ಟಿದಾಗಲೆಲ್ಲ ಅವಳ ಕುತ್ತಿಗೆ ತಿರುಗುತ್ತಿತ್ತು.

'ಬಂದರೆ ಬೈಯೋಕೆ... ಅಷ್ಟೇ!' ಎಂದುಕೊಂಡಳು.

ಹೀಗೇ ಎರಡು ತಿಂಗಳು ಕಳೆದ ಮೇಲೆ ಒಂದು ಗುರುವಾರ, ಸಿಟ್ಟಿನಲ್ಲಿ ಮೌಸನ್ನು ಜೋರಾಗಿ ತಳ್ಳಿದಾಗ ಪರದೆ ಎರಡು ಸಲ ಜಾರಿ ಮೂರನೇ ಖೋಲಿಯಲ್ಲಿ ನಿಂತಿತು. ಅಲ್ಲಿ ಹಣಮಂತನ ವಿಂಡೋ ತೆರೆದಿತ್ತು. ಅದರೊಳಗೆ ಇದ್ದದ್ದು ಅವಳ ಲೆಕ್ಕ! ಒಂದು ಸಾಲಿನ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ.

'ನನ್ನ ತಪ್ಪು ಹುಡುಕ್ತಿದ್ದಾನಾ? ಸಾಹೇಬರಿಗೆ ಹಚ್ಚಿಕೊಡೋಕೆ? ಅವತ್ತು ಅಂದಿದ್ದಕ್ಕೆ ಸೇಡು!'

ಅವಳು ನೇರವಾಗಿ ವೆಂಕಟಸುಬ್ಬಯ್ಯನವರ ಕೋಣೆಗೆ ನುಗ್ಗಿದಳು. ಆಫೀಸಿನ ಯಜಮಾನರು, ಮೈಸೂರಿನವರು, ಮೂಗಿನ ತುದಿಯಲ್ಲೇ ಕೋಪ. ಹಣಮಂತನನ್ನು ಕರೆಸಿದರು.

"ಇವರ ಫೈಲು ತೆಗೆದಿದ್ದು ನಿಜವೇನಯ್ಯಾ?"

"ಖರೇ ರೀ. ಆದ್ರ ಅದರಾಗ ಟಾಕಿ..."

"ಡಿಸೈನ್ ವಿಷಯ ನೀನು ಮಾತಾಡಬೇಡ! ಯಾರನ್ನ ಕೇಳಿ ತೆಗೆದೆ?"

"ಅವರಿಗೆ ತಿಳಿಸೀನ್ರಿ..."

"ಸುಳ್ಳು!" ವಿನೋದಿನಿ ಕೂಗಿದಳು. "ನನಗೆ ಏನೂ ಹೇಳಿಲ್ಲ ಸರ್!"

"ನಾಳೆಯಿಂದ ಬರಬೇಡ," ಎಂದರು ಸಾಹೇಬರು.

ಹಣಮಂತ ಅವಳ ಕಡೆ ತಿರುಗಿದ. ಅವನ ಮುಖ ಕೆಂಪಾಗಿತ್ತು.

"ಎರಡನೇ ಖೋಲಿ ನೋಡ್ರಿ. ಹಟ ಬಿಟ್ಟು ಒಮ್ಮೆರ ನೋಡ್ರಿ!"

ಬಾಗಿಲು ದಢಾರನೆ ಮುಚ್ಚಿಕೊಂಡಿತು. ಅವತ್ತು ಅವಳು ನೋಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವನ ಕುರ್ಚಿ ಖಾಲಿಯಿತ್ತು. ಗೆದ್ದೆ ಅನ್ನಿಸಬೇಕಿತ್ತು... ಅನ್ನಿಸಲಿಲ್ಲ. ತುಟಿ ಕಚ್ಚಿಕೊಂಡು ಮೌಸನ್ನು ಬಲಕ್ಕೆ ಒಂದೇ ಸಲ ತಳ್ಳಿದಳು.

ಎರಡನೇ ಖೋಲಿ. ನಡುವೆ ಒಂದೇ ಒಂದು ಸಣ್ಣ ವಿಂಡೋ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ.

'ವಿನೋದಿನಿ ಅವರಿಗೆ. ನರ್ಸಿಂಗ್ ಹೋಮಿನ ಮ್ಯಾಲ ನೀರಿನ ಟಾಕಿ ಎರಡು ಬರತಾವು. ಬೆಂಕಿ ಆರಸಾಕಂತ ಒಂದು ಆಮ್ಯಾಲ ಸೇರಿಸ್ಯಾರ. ನಿಮ್ಮ ಲೆಕ್ಕದಾಗ ಒಂದ ಐತಿ. ನಮ್ಮವ್ವ ಅಲ್ಲೇ ಕೆಲಸಕ್ಕ ಹೋಗ್ತಾಳ, ಅಕಿ ಹೇಳಿದ್ಲು. ನನಗ ನಿಮ್ಮ ವಿದ್ಯಾ ತಿಳೀದಿಲ್ಲ, ತಪ್ಪಿದ್ರ ಬೈರಿ. ಸಾಹೇಬ್ರಿಗೆ ನಾ ಹೇಳಿಲ್ಲ, ಅವರ ಕಣ್ಣಿಗೆ ಬೀಳಬಾರದಂತ ಈ ಖೋಲ್ಯಾಗ ಬರದೀನಿ. ನೀವ ಹೇಳಿದ್ರ ನಿಮ್ಮ ಹೆಸರು ಉಳೀತೈತಿ.'

ಬರೆದದ್ದು ಸೋಮವಾರ.

ಅವಳು ಕಪಾಟಿನಲ್ಲಿದ್ದ ನಕ್ಷೆಗಳನ್ನೆಲ್ಲ ನೆಲಕ್ಕೆ ಹರವಿದಳು. ತಿದ್ದಿದ ನಕ್ಷೆ ಸಿಕ್ಕಿತು. ಎರಡು ಟಾಕಿ! ತಿಂಗಳ ಹಿಂದೆಯೇ ಬಂದಿದೆ, ತಾನು ಬಿಡಿಸಿಯೇ ನೋಡಿಲ್ಲ.

"ಸರ್, ತಪ್ಪು ನನ್ನದು! ಅವನು... ಅವರು ಹೇಳಿದ್ದೇ ಸರಿ!"

ಕೇಳಿದ ವೆಂಕಟಸುಬ್ಬಯ್ಯ ಎದ್ದು ನಿಂತುಬಿಟ್ಟರು. "ಅಯ್ಯೋ! ಇವತ್ತು ಅಲ್ಲಿ ಟಾಕಿ ಕೆಳಗಿನ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕ್ತಿದ್ದಾರೆ! ಸೈಟಲ್ಲಿ ಫೋನೂ ಇಲ್ಲ." ಅವಸರದಲ್ಲಿ ಎರಡು ಸಾಲು ಗೀಚಿ ಸಹಿ ಮಾಡಿ ಕೊಟ್ಟರು. "ಬೈಯೋದು ಆಮೇಲೆ ಇದೆ. ಓಡು!"

ವೀಟಿ ಸ್ಟೇಷನ್ನಿನವರೆಗೂ ಓಡಿದಳು. ಲೋಕಲ್ ರೈಲು ಹಿಡಿದು ಬೈಕುಲ್ಲಾದಲ್ಲಿ ಇಳಿದಾಗ ಚಪ್ಪಲಿಯ ಪಟ್ಟಿ ಕಿತ್ತಿತ್ತು. ಅದನ್ನು ಕೈಯಲ್ಲಿ ಹಿಡಿದೇ ಸೈಟಿಗೆ ನುಗ್ಗಿದಳು.

ಮಿಕ್ಸರ್ ಗರಗರ ತಿರುಗುತ್ತಿತ್ತು. ಅದರ ಮುಂದೆ ಕೈಚಾಚಿ ಅಡ್ಡ ನಿಂತಿದ್ದ ಹಣಮಂತ! ಗುತ್ತಿಗೆದಾರ ಕಾಂತಪ್ಪ ಅವನ ಕಾಲರ್ ಹಿಡಿದಿದ್ದ.

"ಹಟ್ ಬೇ, ದೂರ ಸರಿ! ನೂರು ಆಳು ಕೆಲಸ ಬಿಟ್ಟು ನಿಂತಾವ!"

"ನಿಲ್ಲಲಿ! ಅವ್ವಾ, ಮ್ಯಾಲ ಹತ್ತಬ್ಯಾಡ, ಇಳಿ ಕೆಳಗ!"

"ಮಿಕ್ಸರ್ ಬಂದ್ ಮಾಡಿ!" ವಿನೋದಿನಿಯ ಕೂಗು ಆ ಗದ್ದಲವನ್ನೂ ಸೀಳಿತು. "ಅವರ ಕಾಲರ್ ಬಿಡಿ ಮೊದಲು! ಲೆಕ್ಕ ಮಾಡಿದವಳು ನಾನು. ತಪ್ಪು ನನ್ನದು. ಈ ಕಂಬಗಳು ಎರಡು ಟಾಕಿಯ ಭಾರ ತಡೆಯಲ್ಲ!"

ಸಾಹೇಬರ ಚೀಟಿ ಓದಿದ ಕಾಂತಪ್ಪ ಕಾಲರ್ ಬಿಟ್ಟ. ಮಿಕ್ಸರ್ ನಿಂತಿತು.

ಖಾಲಿ ಬುಟ್ಟಿ ಹಿಡಿದು ಹಣಮಂತನ ಅವ್ವ ಸುಂದ್ರವ್ವ ಇಳಿದು ಬಂದಳು. ಮಗನನ್ನೊಮ್ಮೆ, ಕಿತ್ತ ಚಪ್ಪಲಿಯ ಹುಡುಗಿಯನ್ನೊಮ್ಮೆ ನೋಡಿದಳು.

"ಇಕೀನೇನೋ, ದಿನಾ ರೊಟ್ಟಿ ತಿನ್ನೂಮುಂದ ನೀ ಬೈಯೂದು? ಚಲೋ ಅದಾಳಲ್ಲೋ!"

"ಅವ್ವಾ!"

ಅವಳು ನಗುತ್ತಾ ನಳದ ಕಡೆ ಹೋದಳು. ಆಳುಗಳೂ ಚದುರಿದರು; ಇಬ್ಬರೇ ಉಳಿದರು. ವಿನೋದಿನಿಯ ಸಿಟ್ಟು ಒಮ್ಮೆಲೇ ಉಕ್ಕಿತು.

"ಜನ ಸಾಯೋ ವಿಷಯಾನ ಯಾರಾದ್ರೂ ಚೀಟಿ ಬರೆದು ಇಡ್ತಾರಾ? ಎದುರಿಗೆ ಬಂದು ಹೇಳೋಕೆ ಬಾಯಿ ಇರಲಿಲ್ವಾ?"

"ಮಾತಾಡಾಕ ಬಿಟ್ರೇನು ನೀವು? ಎರಡು ಸಲ ಬಂದ್ನಿ. ಎರಡೂ ಸಲ ಮಾರಿ ತಿರುವಿದ್ರಿ!"

"ಹಾಗಾದ್ರೆ ಸಾಹೇಬರಿಗೆ ಹೇಳಬೇಕಿತ್ತು!"

"ಹೇಳಿದ್ರ ನಿಮ್ಮ ನೌಕರಿ ಹೋಗ್ತಿತ್ತು!"

"ಹೋಗ್ಲಿ! ನನ್ನ ನೌಕರಿಗಿಂತ ನಿಮ್ಮ ತಾಯಿಯ ಜೀವ ಕಡಿಮೇನಾ?"

ಅವನು ತಲೆ ತಗ್ಗಿಸಿದ.

"ಅದು ನಂದ ತಪ್ಪು. ಅದಕ್ಕ ಬೆಳಿಗ್ಗೆ ಬಂದು ಅಡ್ಡ ನಿಂತೀನಿ."

"ಯಾಕೆ?" ಅವಳು ಬಿಡಲಿಲ್ಲ. "ಬೈದಿದ್ದು ಬಿಟ್ರೆ ನಾನು ನಿಮಗೇನು ಮಾಡಿದೀನಿ? ನನಗೋಸ್ಕರ ಯಾಕೆ ಇಷ್ಟೆಲ್ಲಾ?"

"ಬೈಯಾಕರ ನನ್ನ ಕಡೆ ನೋಡ್ತಿದ್ರಲ್ರಿ..."

ವಿನೋದಿನಿಯ ಕಣ್ಣು ತುಂಬಿ ಬಂತು. ಅಳು ಬಂದದ್ದಕ್ಕೂ ಅವಳಿಗೆ ಕೋಪ!

"ಕ್ಷಮಿಸಿ," ಎಂದಳು ಗದರಿದ ಹಾಗೆ. "ಅವತ್ತು ಫ್ಲಾಪಿ ಹೊತ್ತವರು ಅಂದೆನಲ್ಲ, ಅದಕ್ಕೆ... ಎಲ್ಲದಕ್ಕೂ."

ಕಂಬ, ತೊಲೆಗಳನ್ನು ಬಲಪಡಿಸಲು ಹತ್ತು ದಿನ ಹಿಡಿಯಿತು. ಸಾಹೇಬರು ವಿನೋದಿನಿಗೆ ಬಾಯಿತುಂಬಾ ಬೈದರು, ಬರಹದಲ್ಲೂ ಎಚ್ಚರಿಕೆ ಕೊಟ್ಟರು. ಹಣಮಂತನನ್ನು ತಾವೇ ಕರೆಸಿ, "ನಾನು ಕೇಳಬೇಕಿತ್ತಯ್ಯಾ" ಎಂದು ಮತ್ತೆ ಕೆಲಸಕ್ಕೆ ತೆಗೆದುಕೊಂಡರು.

ಹನ್ನೊಂದನೇ ದಿನ ಸಂಜೆ, ಸೈಟಿನ ಕೆಲಸ ನೋಡಿಕೊಂಡು ಬಂದು ಇಬ್ಬರೂ ಬೈಕುಲ್ಲಾ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರು. ಇಬ್ಬರ ಮನೆಯೂ ಭಾಂಡುಪಿನಲ್ಲೇ. ಅವಳದು ಕಾಲನಿಯಲ್ಲಿ, ಅವನದು ಗುಡ್ಡದ ಮೇಲಿನ ಚಾಳಿನ ಒಂದು ಖೋಲಿಯಲ್ಲಿ.

"ನಾಳೆ ನನ್ನನ್ನ ನೋಡೋಕೆ ಗಂಡಿನ ಕಡೆಯವರು ಬರ್ತಾರಂತೆ," ಎಂದಳು ಹಳಿ ನೋಡುತ್ತಾ. "ಬೇಡ ಅಂದೆ."

"...ಯಾಕ?"

"ಯಾಕೆ ಅಂತ ನಾನೇ ಹೇಳಬೇಕಾ? ಎಂಥಾ ಮನುಷ್ಯರು ನೀವು!"

ಹಣಮಂತ ಪೂರ್ತಿ ಅವಳ ಕಡೆ ತಿರುಗಿ ನಿಂತ. "ನಿಮ್ಮ ಮನ್ಯಾಗ ಒಪ್ಪತಾರೇನ್ರಿ... ನನ್ನಂಥಾವನ್ನ?"

"ಕೂಗಾಡ್ತಾರೆ. ಅಪ್ಪನಿಗೆ ನನಗಿಂತ ಜಾಸ್ತಿ ಕೋಪ. ಅಮ್ಮ ಎರಡು ದಿನ ಊಟ ಬಿಡಬಹುದು. ಹೆದರಿಕೆ ಆಗ್ತಿದ್ರೆ ಈಗ್ಲೇ ಹೇಳಿ."

"ನಿಮ್ಮ ಕೈಯಾಗ ಇಷ್ಟು ಬೈಸಿಕೊಂಡಾವ್ನಿಗೆ ಇನ್ನೇನು ಹೆದರಿಕಿ?" ಅವನು ನಕ್ಕ. "ಅವ್ವನ್ನ ಕರಕೊಂಡು ಬರ್ತೀನಿ. ಯಾವಾಗ ಬರ್ಲಿ ಹೇಳ್ರಿ."

"ಭಾನುವಾರ, ಹತ್ತು ಗಂಟೆಗೆ. ಲೇಟ್ ಮಾಡಿದ್ರೆ ಅಪ್ಪನಿಗಿಂತ ಮೊದಲು ನಾನೇ ಕೂಗಾಡ್ತೀನಿ!"

"ಬರ್ತೀನ್ರಿ."

"ಆ 'ರೀ' ಬೇಡ..."

ದೂರದಲ್ಲಿ ಸ್ಲೋ ಲೋಕಲಿನ ದೀಪ ಕಂಡಿತು. ಗುಂಪು ಮುಂದೆ ನುಗ್ಗಿತು. ಆ ನೂಕಾಟದಲ್ಲಿ ಅವನು ಮೊದಲ ಸಲ ಅವಳ ಕೈ ಹಿಡಿದ.

"ಬರ್ತೀನಿ... ವಿನೋದಿನಿ."