ಹೊಗೆ ಏಳದ ಬೆಳಿಗ್ಗೆ

"ನೀನು ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗಮ್ಮ ಸರ್ನೈ. ಬೆಳಿಗ್ಗೆ ನಿಮ್ಮ ಗೆರ್‌ನಿಂದ ಹೊಗೆ ಏಳಲಿಲ್ಲ ಅಂದ್ರೆ ನಾನೇ ಬಂದು ಬಾಗಿಲು ತೆಗೀತೀನಿ."

ಖುಲನ್‌ಗೆ ಏಳು ವರ್ಷವಿದ್ದಾಗ ಬೇಲಿಯಾಚೆಯ ಗೆರ್‌ನಲ್ಲಿ, ಎಂದರೆ ದುಂಡನೆಯ ಉಣ್ಣೆಗುಡಾರದ ಮನೆಯಲ್ಲಿ, ಇರುವ ಪಗ್ಮಾ ಅಜ್ಜಿ ಅವಳ ಅಮ್ಮನಿಗೆ ಹೀಗೆ ಮಾತು ಕೊಟ್ಟಿದ್ದಳು. ಈಗ ಖುಲನ್‌ಗೆ ಹತ್ತು. ಕಕ್ಕಸಿನ ಹಿಂದೆ ನಿಂತು ಅವಳು ಅದೇ ಮಾತನ್ನು ನೆನೆಯುತ್ತಿದ್ದಳು. ನೆನೆಯುತ್ತಲೇ ಬೂಟುಗಾಲಿನಿಂದ ಹಿಮ ತಳ್ಳಿ, ಒಲೆಯ ಹೊಗೆಕೊಳವೆಯ ಒಂದು ತುಂಡನ್ನು ಮುಚ್ಚುತ್ತಿದ್ದಳು.

ಅಂಗಳದಲ್ಲಿ ಲಾರಿ ಬಂದು ನಿಂತಿತ್ತು. ಲಾರಿಯ ತುಂಬ ಬಿಳಿ ಹೊದಿಕೆಯ ಸುರುಳಿಗಳು.

ವಾರ್ಡ್ ಆಫೀಸಿನವರು ಬೇಸಿಗೆಯಿಂದಲೂ ಹೇಳುತ್ತಲೇ ಇದ್ದರು. ಗೆರ್‌ನ ಸುತ್ತ ದಪ್ಪ ಹೊದಿಕೆ ಸುತ್ತಿಕೊಡುತ್ತಾರೆ, ನೆಲಕ್ಕೂ ಹಾಸುತ್ತಾರೆ, ಕರೆಂಟ್ ಹೀಟರ್ ಇಡುತ್ತಾರೆ. ಖರ್ಚಿನಲ್ಲಿ ಮುಕ್ಕಾಲು ಪಾಲು ಸರ್ಕಾರದ್ದು. ಚಳಿಗಾಲ ಪೂರ್ತಿ ರಾತ್ರಿಯ ಕರೆಂಟ್ ಫ್ರೀ. ಷರತ್ತು ಒಂದೇ: ಕಲ್ಲಿದ್ದಲಿನ ಒಲೆಯನ್ನು ಕೊಳವೆ ಸಮೇತ ಲಾರಿಗೆ ಹಾಕಬೇಕು. ಇಲ್ಲದಿದ್ದರೆ ಜನ ಸಬ್ಸಿಡಿಯನ್ನೂ ತಗೊಂಡು ಒಲೆಯನ್ನೂ ಉರಿಸುತ್ತಾರಂತೆ.

ಅಮ್ಮ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟು ಬಂದಿದ್ದಳು.

"ಅಕ್ಕಾ, ಕೊಳವೆ ಒಂದು ತುಂಡು ಕಮ್ಮಿ ಇದೆಯಲ್ಲ" ಎಂದ ಆಫೀಸಿನ ಹುಡುಗ. ಅವನ ಮೀಸೆಯ ಮೇಲೆ ಮಂಜು ಕಟ್ಟಿತ್ತು.

"ಇಲ್ಲೇ ಇತ್ತು ತಮ್ಮಾ. ರಾತ್ರಿ ನಾನೇ ಬಿಚ್ಚಿಟ್ಟಿದ್ದೆ."

"ಪೂರ್ತಿ ಕೊಡದೇ ಇದ್ರೆ ಫೋಟೋ ತೆಗೆಯೋ ಹಾಗಿಲ್ಲ. ಫೋಟೋ ಇಲ್ಲ ಅಂದ್ರೆ ಸಬ್ಸಿಡಿನೂ ಇಲ್ಲ. ಬೇಗ ಹುಡುಕಿ, ಮೇಲಿನ ಬೀದಿಯವರು ಕಾಯ್ತಿದ್ದಾರೆ."

ಪಗ್ಮಾ ಅಜ್ಜಿ ಬೇಲಿಯ ಹಲಗೆಗಳ ಮೇಲಿಂದ ತಲೆ ಹಾಕಿದಳು. "ಇನ್ನೂ ಒಂದು ತುಂಡು ಬೇಕೇನಯ್ಯಾ? ಬಾಗಿಲು, ಮಂಚ ಎಲ್ಲಾ ಹೊತ್ಕೊಂಡು ಹೋಗು!"

"ನೀವೂ ಹೆಸರು ಕೊಡಿ ಅಜ್ಜಿ. ಬೆಚ್ಚಗಿರ್ತೀರಿ."

"ನನ್ನ ಒಲೆ ನಮ್ಮ ಅತ್ತೆಯದು. ಆ ಬೆಂಕಿ ಆರಿಸಿದ್ರೆ ಅವಳು ಸ್ವರ್ಗದಿಂದ ಇಳಿದು ಬಂದು ಬೈತಾಳೆ. ತಗೊಂಡು ಹೋಗೋದಾದ್ರೆ ಒಲೆ ಜೊತೆ ನನ್ನನ್ನೂ ಲಾರಿಗೆ ಹಾಕು."

"ಅಜ್ಜಿಯರಿಗೆ ಸಬ್ಸಿಡಿ ಇಲ್ಲ ಅಜ್ಜಿ" ಎಂದ ಹುಡುಗ. ಲಾರಿಯ ಮೇಲಿದ್ದವರು ನಕ್ಕರು.

ಅಂಗಳಕ್ಕೆ ಬಂದು ನಿಂತಿದ್ದ ಖುಲನ್ ನಗಲಿಲ್ಲ.

ಅವಳ ಬೆಳಗುಗಳು ಹೇಗಿರುತ್ತವೆ ಎಂದು ಈ ಲಾರಿಯವರಿಗೆ ಏನು ಗೊತ್ತು? ಅಮ್ಮ ಉಣ್ಣೆ ಕಾರ್ಖಾನೆಯ ಬಸ್ಸು ಹಿಡಿಯಲು ಕತ್ತಲಲ್ಲೇ ಹೊರಡುತ್ತಾಳೆ. ಅಪ್ಪ ದೂರದ ಗೋಬಿ ಮರುಭೂಮಿಯಲ್ಲಿ ಗಣಿ ಲಾರಿ ಓಡಿಸುತ್ತಾನೆ. ಖುಲನ್‌ಳ ಸ್ಕೂಲ್ ಮಧ್ಯಾಹ್ನದ ಶಿಫ್ಟ್. ಬೆಳಗಿನ ಶಿಫ್ಟಿನಲ್ಲಿ ಅವಳದೇ ಬೆಂಚಿನ ಮೇಲೆ ಬೇರೆ ಯಾರೋ ಕೂರುತ್ತಾರೆ. ಆ ಮಗುವನ್ನು ಅವಳು ಒಮ್ಮೆಯೂ ನೋಡಿಲ್ಲ. ಬೆಂಚಿನ ಮೇಲೆ ರಬ್ಬರಿನ ಪುಡಿ ಮಾತ್ರ ಸಿಗುತ್ತದೆ.

ಎದ್ದಾಗ ಬಕೆಟ್ಟಿನ ನೀರು ಹೆಪ್ಪುಗಟ್ಟಿರುತ್ತದೆ. ಖುಲನ್ ಚಕ್ಕೆ ಒಟ್ಟಿ, ಕಲ್ಲಿದ್ದಲು ಇಟ್ಟು ಒಲೆ ಹಚ್ಚುತ್ತಾಳೆ. ಹೊಗೆ ಎದ್ದ ಮೇಲೆ ಹೊರಗೆ ಬಂದು ನಿಲ್ಲುತ್ತಾಳೆ. ಅಷ್ಟು ಹೊತ್ತಿಗೆ ಪಗ್ಮಾ ಅಜ್ಜಿ ಬಾಗಿಲಲ್ಲಿ ನಿಂತು, ದಿನದ ಮೊದಲ ಚಹಾವನ್ನು ನೈವೇದ್ಯವೆಂದು ಸೌಟಿನಿಂದ ಆಕಾಶಕ್ಕೆ ಚಿಮುಕಿಸುತ್ತಿರುತ್ತಾಳೆ. ಚಿಮುಕಿಸಿ, ಇವರ ಹೊಗೆಯನ್ನು ನೋಡಿ, ಒಳಗೆ ಹೋಗುತ್ತಾಳೆ. ಮಾತಿಲ್ಲ ಕತೆಯಿಲ್ಲ. ಆದರೂ ಒಬ್ಬರು ನೋಡಿದರು ಎಂದು ಖುಲನ್‌ಗೆ ಗೊತ್ತಾಗುತ್ತದೆ.

ಒಂದು ಸಲ ಕಲ್ಲಿದ್ದಲು ಒದ್ದೆಯಾಗಿ ಒಲೆ ಹತ್ತಿರಲಿಲ್ಲ. ಸ್ವಲ್ಪ ಹೊತ್ತಿಗೇ ಬಾಗಿಲು ದಢಾರೆಂದು ತೆರೆದಿತ್ತು. ಮನೆಯ ಚಪ್ಪಲಿಯಲ್ಲೇ ಅಜ್ಜಿ ಹಿಮ ತುಳಿದು ಬಂದಿದ್ದಳು. ಕೈಯಲ್ಲಿ ಸೌಟು ಹಾಗೇ ಇತ್ತು.

"ಎಲೇ ಕಾಡುಕತ್ತೆ, ಬದುಕಿದ್ದೀಯೇನೇ?"

ಖುಲನ್ ಎಂದರೆ ಅವರ ಭಾಷೆಯಲ್ಲಿ ಕಾಡುಕತ್ತೆ. ಅಜ್ಜಿ ಒಬ್ಬಳೇ ಹಾಗೆ ಛೇಡಿಸುತ್ತಿದ್ದದ್ದು.

ಒಲೆಯೇ ಹೋದರೆ ಹೊಗೆ ಎಲ್ಲಿಂದ ಬರಬೇಕು?

ಅಮ್ಮ ಮಂಚದ ಕೆಳಗೆ ಹುಡುಕಿದಳು, ಬೂದಿ ಡಬ್ಬದ ಹಿಂದೆ ಹುಡುಕಿದಳು. ಕೊನೆಗೆ ಸುಸ್ತಾಗಿ, ಹೊರಗೆ ತಂದಿಟ್ಟಿದ್ದ ಒಲೆಯ ಮೇಲೆಯೇ ಕುಳಿತಳು. ಕೈಗವಸು ಬಿಚ್ಚಿದಳು. ಬೆರಳ ಸಂದಿಗಳೆಲ್ಲ ಒಡೆದು, ಒಡಕುಗಳಲ್ಲಿ ಮಸಿ ಕೂತಿತ್ತು.

"ತಮ್ಮಾ, ಮಗಳು ಹೋದ ಚಳಿಗಾಲದಲ್ಲಿ ಆಸ್ಪತ್ರೆ ಸೇರಿದ್ದಳು. ಎದೆಯಲ್ಲಿ ಕಫ. ಈ ಹೊಗೆಯಿಂದಲೇ ಅಂದ್ರು ಡಾಕ್ಟರು. ಈ ವರ್ಷನೂ ಹಾಗಾದ್ರೆ..."

ಹುಡುಗ ನೆಲ ನೋಡಿದ. "ನಾನೇನು ಮಾಡ್ಲಿ ಅಕ್ಕಾ" ಎಂದ.

ಖುಲನ್ ಕಕ್ಕಸಿನ ಹಿಂದಕ್ಕೆ ಹೋದಳು. ಹಿಮ ಆಗಲೇ ಗಟ್ಟಿಯಾಗಿತ್ತು. ಮಂಡಿಯೂರಿ ಕೈಯಿಂದಲೇ ಕೆದರಿ, ಕೊಳವೆಯನ್ನು ತಂದು ಒಲೆಯ ಪಕ್ಕ ಇಟ್ಟಳು.

ಅಮ್ಮ ಕೊಳವೆಗೆ ಅಂಟಿದ್ದ ಹಿಮವನ್ನು ನೋಡಿದಳು. ಆಮೇಲೆ ಖುಲನ್‌ಳ ಮಂಡಿಯನ್ನು ನೋಡಿದಳು. ಏನೂ ಕೇಳಲಿಲ್ಲ.

ಕೇಳಿದ್ದು ಸಂಜೆ. ಹೊಸ ಹೊದಿಕೆಯೊಳಗೆ ಗೆರ್ ಬೆಚ್ಚಗಿತ್ತು. ಗಾಳಿಯ ಸದ್ದೂ ಒಳಗೆ ಬರುತ್ತಿರಲಿಲ್ಲ. ಒಲೆ ಇದ್ದ ಜಾಗದಲ್ಲಿ ಮಂಚದಷ್ಟು ದೊಡ್ಡ ಖಾಲಿ.

"ಯಾಕೆ ಬಚ್ಚಿಟ್ಟೆ?"

"ಹೊಗೆ ಬರದೇ ಇದ್ರೆ ಅಜ್ಜಿಗೆ ಹೇಗೆ ಗೊತ್ತಾಗತ್ತೆ?"

"ಏನು ಗೊತ್ತಾಗ್ಬೇಕು?"

"ನಾನು ಎದ್ದಿದ್ದೀನಿ ಅಂತ."

ಅಮ್ಮ ಅವಳ ಕೂದಲಲ್ಲಿ ಕೈಯಾಡಿಸಿದಳು. "ಮಾತು ಕೊಟ್ಟಿದ್ದಾಳಲ್ಲ. ಹೊಗೆ ಕಾಣದೇ ಇದ್ರೆ ಬರ್ತಾಳೆ ಬಿಡು" ಎಂದಳು. ಹೇಳುತ್ತಲೇ ನಿದ್ದೆ ಹೋದಳು.

ಹೌದಲ್ಲ! ಖುಲನ್ ಕತ್ತಲಲ್ಲಿ ಕಣ್ಣರಳಿಸಿದಳು. ಇನ್ನು ಹೊಗೆ ಏಳುವುದೇ ಇಲ್ಲ. ಅಂದರೆ ಅಜ್ಜಿ ದಿನಾ ಬರಬೇಕು!

ಮರುದಿನ ಅವಳು ಬೇಗ ಎದ್ದಳು. ಬಕೆಟ್ಟಿನ ನೀರು ನೀರಾಗಿಯೇ ಇತ್ತು. ಚಕ್ಕೆ ಒಟ್ಟುವ ಕೆಲಸವಿಲ್ಲ, ಬೂದಿ ಚೆಲ್ಲುವ ಕೆಲಸವಿಲ್ಲ. ಎರಡು ಬಟ್ಟಲು ಇಟ್ಟುಕೊಂಡು ಬಾಗಿಲನ್ನೇ ನೋಡುತ್ತ ಕುಳಿತಳು. ಹೀಟರ್ ಆಗಾಗ ಟಿಕ್ ಎನ್ನುತ್ತಿತ್ತು. ಬೇರೆ ಸದ್ದೇ ಇಲ್ಲ. ಮೊದಲಾದರೆ ಹೊದಿಕೆಯ ಸಂದಿಯಿಂದ ಬೀದಿನಾಯಿ, ಅಕ್ಕಪಕ್ಕದವರ ಕೆಮ್ಮು, ಅಜ್ಜಿಯ ಗೊಣಗಾಟ ಎಲ್ಲ ಕೇಳುತ್ತಿತ್ತು.

ಸ್ಕೂಲಿನ ಹೊತ್ತಾಯಿತು. ಅಜ್ಜಿ ಬರಲಿಲ್ಲ.

ಮರುದಿನವೂ ಬಟ್ಟಲು ಇಟ್ಟಳು. ಅಜ್ಜಿ ಬರಲಿಲ್ಲ.

ಆಮೇಲಿನ ಬೆಳಿಗ್ಗೆ ಖುಲನ್‌ಗೆ ಸಿಟ್ಟು ಬಂತು. ಬಟ್ಟಲು ಇಡಲಿಲ್ಲ. ಬೂಟು ಏರಿಸಿ ಹೊರಗೆ ಬಂದು, ಬೇಲಿಯ ಬಿರುಕಿಗೆ ಕಣ್ಣಿಟ್ಟಳು.

ಅಜ್ಜಿಯ ಗೆರ್‌ನಿಂದ ಹೊಗೆ ನೆಟ್ಟಗೆ ಏಳುತ್ತಿತ್ತು. ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ಚಹಾ ಚಿಮುಕಿಸಿದಳು. ಎಂದಿನಂತೆ ಈ ಕಡೆ ತಿರುಗಿ, ಖುಲನ್‌ಳ ಗೆರ್‌ನ ಮೇಲೆ, ಹೊಗೆ ಇರಬೇಕಾದ ಕಡೆ ನೋಡಿದಳು. ಅಲ್ಲಿ ಬರೀ ಆಕಾಶ.

ಅಜ್ಜಿ ಒಳಗೆ ಹೋಗಲಿಲ್ಲ. ಅಲ್ಲೇ ನಿಂತಳು. ಸೌಟಿನ ತುದಿಯ ಚಹಾ ಹನಿ ಹನಿಯಾಗಿ ಹಿಮದ ಮೇಲೆ ಬಿದ್ದು ನಿಂತೇ ಹೋಯಿತು. ಆದರೂ ನೋಡುತ್ತಲೇ ಇದ್ದಳು. ಒಂದು ಹೆಜ್ಜೆ ಇಟ್ಟಳು, ನೋಯುತ್ತಿದ್ದ ಮಂಡಿ ಹಿಡಿದುಕೊಂಡಳು. ಮತ್ತೆ ಹಿಂದಕ್ಕೆ ಸರಿದು ಬಾಗಿಲು ಹಾಕಿಕೊಂಡಳು.

ಇಷ್ಟು ದಿನ ಅಜ್ಜಿಯ ಮನೆಗೆ ಯಾರಾದರೂ ಬಂದದ್ದನ್ನು ತಾನು ಕಂಡೇ ಇಲ್ಲ ಎಂಬುದು ಖುಲನ್‌ಗೆ ಹೊಳೆದದ್ದು ಆಗ. ಅವಳು ಬಿರುಕಿನಿಂದ ಕಣ್ಣು ತೆಗೆದಳು. ಗೇಟು ಸುತ್ತಿ ಹೋಗಿ ಅಜ್ಜಿಯ ಬಾಗಿಲು ತಳ್ಳಿದಳು.

"ಏನೇ? ಹೀಟರ್ ಕೆಟ್ಟೋಯ್ತಾ?"

"ಇಲ್ಲ."

"ಕರೆಂಟ್ ಹೋಯ್ತಾ?"

"ಇಲ್ಲ ಅಜ್ಜಿ."

"ಮತ್ತೆ? ಅರಮನೆ ಬಿಟ್ಟು ಈ ಹೊಗೆಗೂಡಿಗೆ ಯಾಕೆ ಬಂದೆ?"

"ನೀನು ಬದುಕಿದ್ದೀಯಾ ಅಂತ ನೋಡೋಕೆ."

ಅಜ್ಜಿ ಮುಖ ತಿರುಗಿಸಿ, "ಕಾಡುಕತ್ತೆ" ಎಂದು ಗೊಣಗುತ್ತ ಇನ್ನೊಂದು ಬಟ್ಟಲು ತೆಗೆದಳು.

ಉಪ್ಪು ಹಾಕಿದ ಹಾಲಿನ ಚಹಾ ಬಿಸಿಯಾಗಿತ್ತು. ಹೊಗೆಗೆ ಖುಲನ್ ಕೆಮ್ಮಿದಳು. ಅಜ್ಜಿ ಎದ್ದು ಬಾಗಿಲನ್ನು ಒಂದಿಷ್ಟು ತೆರೆದಿಟ್ಟಳು. ಚಳಿ ಒಳಗೆ ಬಂತು. ಇಬ್ಬರೂ ಹತ್ತಿರ ಸರಿದು ಕುಳಿತರು.

ಹೊಗೆ ಏಳದ ದಿನ ಬರುತ್ತೇನೆ ಎಂದಿದ್ದ ಪಗ್ಮಾ ಅಜ್ಜಿ ಆ ಚಳಿಗಾಲದಲ್ಲಿ ಒಂದು ದಿನವೂ ಬರಲಿಲ್ಲ. ಖುಲನ್ ಹೋಗುತ್ತಿದ್ದಳು.