ಕೆಂಪು ಪಟ್ಟಿ ತೆಗೆಯುವ ಮೊದಲು

ಟಕ್.

ಮಾಳಿಗೆಯಿಂದ ಬಂದ ಸದ್ದು ಬಹಳ ಸಣ್ಣದು. ಬೇರೆ ಯಾರಾದರೂ ಆಗಿದ್ದರೆ ಮಗ್ಗುಲು ಬದಲಿಸಿ ಮಲಗುತ್ತಿದ್ದರು. ರಾಜಶ್ರೀಗೆ ಆಗಲಿಲ್ಲ. ಗ್ಯಾಸ್ ಬಂದ್ ಮಾಡಿದೆನೇ, ಹಿಂಬಾಗಿಲ ಚಿಲಕ ಹಾಕಿದೆನೇ ಎಂದು ಮಲಗಿದ ಮೇಲೂ ಎದ್ದು ಹೋಗಿ ನೋಡುವವಳು ಅವಳು. ಕತ್ತಲಲ್ಲಿ ಕಣ್ಣು ಬಿಟ್ಟು ಕಾದಳು.

ಮತ್ತೆ ಟಕ್. ಆಮೇಲೆ ಒಬ್ಬ ಗಂಡಸಿನ ಮೆಲುದನಿ, ಇಂಗ್ಲಿಷಿನಲ್ಲಿ, ಬಹಳ ಸಮಾಧಾನದಿಂದ: "ಗೋ ಅಹೆಡ್... ಸ್ಟ್ಯಾಂಡ್ ಬೈ... ಐ ಹ್ಯಾವ್ ಯು ಇನ್ ಸೈಟ್."

ಮಾಳಿಗೆಯ ಕೋಣೆಗೆ ಹೊಸದಾಗಿ ಬಾಡಿಗೆಗೆ ಬಂದವನು ಶಿವಯೋಗಿ. ಬಾಡಗಂಡಿ ಊರಿನವನು, ಏರ್‌ಫೋರ್ಸಿನಲ್ಲಿ ಇದ್ದು ಬಂದವನು ಎಂದಷ್ಟೇ ಅವಳಿಗೆ ಗೊತ್ತಿತ್ತು. ಇಷ್ಟು ಹೊತ್ತಿನಲ್ಲಿ, ಇಷ್ಟು ಮೆತ್ತಗೆ, 'ನೀನು ನನ್ನ ಕಣ್ಣಿಗೆ ಕಾಣುತ್ತಿದ್ದೀ' ಎಂದು ಯಾರಿಗೆ ಹೇಳುತ್ತಾರೆ?

ಬೆಳಿಗ್ಗೆ ಅತ್ತೆಗೆ ಹೇಳಿದಳು. ಜಮಖಂಡಿಯ ಕಾಲೇಜಿನಲ್ಲಿ ಅವಳು ಇಂಗ್ಲಿಷ್ ಕಲಿಸುವ ಗೆಸ್ಟ್ ಲೆಕ್ಚರರ್. ಸೋದರತ್ತೆ ಮಾದೇವಿಯ ಮನೆಯಲ್ಲೇ ವಾಸ. ಮಾತನ್ನು ತೂಗಿಯೇ ಆಡಿದಳು. "ಮ್ಯಾಲಿನವರು ರಾತ್ರಿ ಯಾರ ಜೋಡಿನೋ ಮಾತಾಡ್ತಾರ ಅತ್ತಿ. ಹುಡುಗಿ ಇರಬಹುದು."

ಮಾದೇವಿ ಮಾತು ತೂಗುವವಳಲ್ಲ. ಅವನು ನೀರಿನ ಕೊಡ ಹಿಡಿದು ಕೆಳಗೆ ಬಂದ ಕೂಡಲೇ ಕೇಳಿಬಿಟ್ಟಳು. "ಏನಪಾ ಶಿವಯೋಗಿ, ರಾತ್ರಿ ನಿದ್ದಿಗೆಟ್ಟು ಮಾತಾಡಾಕತ್ತೀಯಂತ. ನಮ್ಮ ರಾಜಿ ಕೇಳ್ಯಾಳ. ಯಾರು ಆಕಿ?"

ರಾಜಶ್ರೀಯ ಕಿವಿ ಸುಟ್ಟುಹೋದವು. ಒಲೆಯ ಕಡೆ ತಿರುಗಿ, ಉಕ್ಕದ ಹಾಲನ್ನು ಇಳಿಸಿದಳು.

"ಆಕಿ ಅಲ್ರಿ ಅತ್ತಿ. ಏರ್‌ಬಸ್ಸು," ಎಂದ ಅವನು.

ಮೇಲೆ ಹೋಗಿ ಒಂದು ಹಳೆಯ ರೊಟ್ಟಿ ಹಲಗೆ ತಂದ. ಅದರ ಮೇಲೆ ಬೆರಳಗಲದ ಉದ್ದನೆಯ ಪ್ಲಾಸ್ಟಿಕ್ ಪಟ್ಟಿಗಳು, ಒಂದೊಂದರಲ್ಲೂ ಕಾಗದದ ಚೂರು. ವಿಮಾನ ನಿಲ್ದಾಣದ ಟವರಿನಲ್ಲಿ ಒಂದು ವಿಮಾನಕ್ಕೆ ಒಂದು ಪಟ್ಟಿ. ವಿಮಾನ ಹತ್ತಿರ ಬಂದ ಹಾಗೆ ಪಟ್ಟಿ ಕೆಳಗೆ ಸರಿಯುತ್ತದೆ, ಟಕ್ ಎಂದು. ಅವನು ಹನ್ನೆರಡು ವರ್ಷ ಮಾಡಿದ ಕೆಲಸ ಅದು. ಅದೇ ಕೆಲಸದ ನೌಕರಿ ಪರೀಕ್ಷೆಗೆಂದು ಈಗ ಮತ್ತೆ ಕೈ ಆಡಿಸುತ್ತಿದ್ದ.

"ಈ ಕೆಂಪಂದು?" ಎಂದು ರಾಜಶ್ರೀ ಕೇಳಿದಳು. ಕೇಳಿದ ಮೇಲೆ, ಕೇಳಬಾರದಿತ್ತು ಅನ್ನಿಸಿತು.

"ರನ್‌ವೇ ಮ್ಯಾಲೆ ಏನರ ಇದ್ರ, ಗಾಡಿ, ನಾಯಿ, ಮನಷ್ಯಾ, ಇದನ್ನ ಇಲ್ಲಿ ಇಡಬೇಕ್ರಿ. ಇದು ಇರೂತನ ಯಾರಿಗೂ ಇಳೀರಿ ಅನ್ನಂಗಿಲ್ಲ. ಬಾಯಿ ಮರತ್ರೂ ಕೈ ಮರೀಬಾರದು ಅಂತ." ಅವಳ ಕಡೆ ಒಂದು ಸಲ ನೋಡಿ, ಹಲಗೆ ಎತ್ತಿಕೊಂಡ. "ಇನ್ನ ಕೇಳಿಸ್ಕೋಬೇಕಂದ್ರ ಮ್ಯಾಲೆ ಬರ್ರಿ. ಕೆಳಗ ಸಿಗ್ನಲ್ ಛಲೋ ಬರೂದಿಲ್ಲ."

ನಾಚಿಕೆಗೆ ಅವಳು ಒಂದು ವಾರ ಅವನ ಮುಖ ನೋಡಲಿಲ್ಲ. ಆಮೇಲೆ ಮೇಲೆ ಹೋದಳು.

*

ಸಂಜೆ ಕಾಲೇಜಿನಿಂದ ಬಂದು, ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಮಾಳಿಗೆ ಹತ್ತುವುದು ರೂಢಿಯಾಯಿತು. ಅವಳು ಪೈಲಟ್, ಅವನು ಟವರ್. ಅವನು ಹೇಳಿದ್ದನ್ನೆಲ್ಲ ಅವಳು ತಿರುಗಿ ಒಪ್ಪಿಸಬೇಕು.

"ನಿಮ್ಮ ಪೈಲಟ್ ಭಾಳ ಹೆದರಪುಕ್ಕಲಿ ಅದಾಳ್ರಿ," ಎಂದ ಒಂದು ದಿನ. "ಎಲ್ಲಾ ವಾಕ್ಯದ ಕೊನಿಗೆ 'ಪ್ಲೀಸ್' ಅಂತಾಳ."

"ಮರ್ಯಾದಿ ಅದು."

"ಮ್ಯಾಲೆ ಮರ್ಯಾದಿಗೆ ಟೈಮ್ ಇರೂದಿಲ್ರಿ."

"ಹಂಗಾರ ನಾ ಕೆಳಗ ಇರ್ತೀನಿ," ಎಂದು ಅವಳು ಎದ್ದಳು. ಅವನು ಹಲಗೆಯಿಂದ ಕಣ್ಣೆತ್ತದೆ ಕೆಂಪು ಪಟ್ಟಿಯನ್ನು ಟಕ್ ಎಂದು ಇಟ್ಟ. ಮೆಟ್ಟಿಲು ಬಂದ್. ಅವಳು ನಗು ತಡೆದುಕೊಂಡು ಮತ್ತೆ ಕುಳಿತಳು. ಕುಳಿತಾಗ ಅವನು ನೋಡಿದ ನೋಟವನ್ನು ಆ ರಾತ್ರಿಯೆಲ್ಲ ನೆನೆದಳು.

ಓಣಿಯ ಜನ ಅವನನ್ನು ಪೈಲಟ್ ಸಾಹೇಬ ಎನ್ನುತ್ತಿದ್ದರು. ಹಾರಿಸುವವನಲ್ಲ, ಹಾರಿಸುವವರಿಗೆ ಹಾದಿ ಹೇಳುವವನು ಎಂದು ಹೇಳಿ ಹೇಳಿ ಅವನು ಸೋತಿದ್ದ.

ಹಾದಿ ಹೇಳುವವನ ಮುಂದೆ ಆಗ ಎರಡು ಹಾದಿ ಇದ್ದವು.

ಒಂದು ಕಾಂಟ್ರ್ಯಾಕ್ಟ್. ಸೇನೆಯಲ್ಲಿ ಈ ಕೆಲಸ ಮಾಡಿ ಬಂದವರನ್ನು ಉತ್ತರದ ಒಂದು ವಿಮಾನ ನಿಲ್ದಾಣಕ್ಕೆ ನೇರವಾಗಿ ತೆಗೆದುಕೊಳ್ಳುತ್ತಿದ್ದರು. ಹಳೆಯ ಅಧಿಕಾರಿಯೊಬ್ಬರು ಫೋನ್ ಮಾಡಿ ಕರೆದಿದ್ದರು. ಬರುವ ತಿಂಗಳೇ ಸೇರಬಹುದು. ಸಾಹೇಬನಾಗಿಯೇ ಹೋಗಿ ಸಾಹೇಬನಾಗಿಯೇ ಕೂಡಬಹುದು. ವರ್ಷ ವರ್ಷ ಮುಂದುವರಿಸುತ್ತಾರೆ, ಅಥವಾ ಇಲ್ಲ. ಇನ್ನೊಂದು ಎಲ್ಲರಂತೆ ಪರೀಕ್ಷೆ. ಮಾಜಿ ಸೈನಿಕನೆಂದು ವಯಸ್ಸಿನಲ್ಲಿ ಸಡಿಲಿಕೆ ಸಿಗುತ್ತದೆ, ಅಷ್ಟೇ. ಪಾಸಾದರೆ ಖಾಯಂ ನೌಕರಿ. ಆದರೆ ಮೊದಲು ಮೂವತ್ತೈದರ ಹತ್ತಿರ ಬಂದವನು ನಿನ್ನೆ ಡಿಗ್ರಿ ಮುಗಿಸಿದವರ ಪಕ್ಕ ಕುಳಿತು ಟ್ರೇನಿಯಾಗಿ ಅ ಆ ಇ ಈ ಇಂದ ಕಲಿಯಬೇಕು.

"ಕಲತಾಂವ ಮತ್ತ ಸಾಲಿಗೆ ಹೊಂಟಾನ," ಎಂದು ಮಾದೇವಿ ಹಣೆ ಬಡಿದುಕೊಂಡಳು. ಬಾಡಗಂಡಿಯಲ್ಲಿ ಅವನ ಅಣ್ಣ ಮಾತು ಬಿಟ್ಟಿದ್ದ. ಯಾಕೆ ಪರೀಕ್ಷೆ ಎಂದರೆ ಶಿವಯೋಗಿ, "ಅದು ಖಾಯಂ ಆಗ್ತೈತಲ್ರಿ" ಎಂದಷ್ಟೇ ಹೇಳುತ್ತಿದ್ದ. ಹೇಳುವಾಗ ಕೈ ನೋಡಿಕೊಳ್ಳುತ್ತಿದ್ದ. ರಾಜಶ್ರೀ ಅದನ್ನು ಗಮನಿಸಿದ್ದಳು. ಗಮನಿಸಿಯೂ ಸುಮ್ಮನಿದ್ದಳು, ಏಕೆಂದರೆ ಅವಳಿಗೆ ಬೇಕಾದದ್ದು ಕಾಂಟ್ರ್ಯಾಕ್ಟ್.

ಬನಹಟ್ಟಿಯಲ್ಲಿ ಪವರ್‌ಲೂಮ್ ನಡೆಸುವ ಅವಳ ಅಪ್ಪ ಅಂದಾನೆಪ್ಪ, ಪರೀಕ್ಷೆ ಬರೆಯುತ್ತ ಕುಳಿತವನಿಗೆ ಮಗಳನ್ನು ಕೊಡುವವನಲ್ಲ. ಈ ಯುಗಾದಿಯೊಳಗೆ ಎಲ್ಲಿಯಾದರೂ ಲಗ್ನ ಗೊತ್ತು ಮಾಡುತ್ತೇನೆ ಎಂದಿದ್ದ.

"ತಗೋರಿ ಅದನ್ನ," ಎಂದಳು ಒಂದು ಸಂಜೆ, ಪಟ್ಟಿಗಳನ್ನು ಜೋಡಿಸುತ್ತ. "ಕೈಗೆ ಬಂದೈತಿ."

"ನೀವು ಹೇಳಿದ್ರ ವಿಚಾರ ಮಾಡ್ತೀನ್ರಿ."

"ಮತ್ತ... ಒಂದ್ಸಲ ನಮ್ಮ ಅಪ್ಪನ್ನ ಭೇಟಿ ಆಗ್ತೀರೇನ್ರಿ?"

ಅವನ ಕೈ ನಿಂತಿತು. "ಯಾತಕ್ಕ?"

"ಮಗ್ಗ ನೋಡಾಕ."

"ಮಗ್ಗ ನೋಡಾಕ ಇಸ್ತ್ರಿ ಅಂಗಿ ಹಾಕ್ಕೊಂಡು ಬರಬೇಕೋ, ಹಂಗ ಬರಬಹುದೋ?"

"ಇಸ್ತ್ರಿ ಇದ್ರ ಛಲೋ," ಎಂದು ಹೇಳಿ ಅವಳು ಬಟ್ಟೆ ಮರೆತು ಕೆಳಗಿಳಿದಳು.

ಅದೇ ಖುಷಿಯಲ್ಲಿ ಅಪ್ಪನಿಗೆ ಫೋನ್ ಮಾಡಿದಳು. ಹುಡುಗರ ಉತ್ತರಪತ್ರಿಕೆಯಲ್ಲಿ ಕ್ರಿಯಾಪದದ ಕಾಲ ತಪ್ಪಿದರೆ ಕೆಂಪು ಗೆರೆ ಎಳೆಯುವವಳು, ಆಗಬಹುದು ಎನ್ನಲಿಲ್ಲ, ಆಗುತ್ತದೆ ಎನ್ನಲಿಲ್ಲ. "ನೌಕರಿ ಆಗೇತಿ ಅಪ್ಪ," ಎಂದಳು.

"ಹಂಗಾರ ಐತವಾರ ಕರ್ಕೊಂಡ ಬಾ."

ಶಿವಯೋಗಿಗೆ ಇದನ್ನು ಹೇಳಲಿಲ್ಲ. ಅಷ್ಟರಲ್ಲಿ ಅವನು ಒಪ್ಪಿಯೇ ಒಪ್ಪುತ್ತಾನೆ ಎಂದುಕೊಂಡಳು.

*

ಭಾನುವಾರ. ಕಬ್ಬಿನ ಹಂಗಾಮು. ಬನಹಟ್ಟಿಯ ದಾರಿಯುದ್ದಕ್ಕೂ ರಸ್ತೆ ಮೇಲೆ ಕಬ್ಬಿನ ಸೋಗೆ ಬಿದ್ದಿತ್ತು. ಬೈಕಿನ ಹಿಂದೆ ಕುಳಿತ ರಾಜಶ್ರೀ, ಅವನ ಇಸ್ತ್ರಿ ಅಂಗಿಗೆ ಕೈ ತಾಗದಂತೆ ಸೀಟಿನ ಅಂಚು ಹಿಡಿದಿದ್ದಳು.

ಹೊಲದ ದಾರಿ ಬಂದು ಕೂಡುವಲ್ಲಿ ಒಂದು ಟ್ರ್ಯಾಕ್ಟರ್ ಎರಡು ಟ್ರೇಲರ್ ಕಬ್ಬು ಎಳೆದುಕೊಂಡು ರಸ್ತೆ ದಾಟುತ್ತಿತ್ತು. ಅವನು ಬೈಕ್ ನಿಲ್ಲಿಸಿದ. ಟ್ರ್ಯಾಕ್ಟರ್ ದಾಟಿತು. ಅದರ ಹಾಡಿನ ಸದ್ದೂ ದೂರವಾಯಿತು. ರಸ್ತೆ ಖಾಲಿ ಬಿದ್ದಿತ್ತು. ಅವನು ಕದಲಲಿಲ್ಲ.

ಹಿಂದಿನಿಂದ ಹಾರ್ನ್. ಹಾಲಿನ ಕ್ಯಾನ್ ಕಟ್ಟಿಕೊಂಡ ಒಬ್ಬ ಪಕ್ಕದಲ್ಲಿ ಬಂದು ಬಗ್ಗಿ ನೋಡಿದ. "ಸಾಹೇಬ್ರ, ಹಾದಿಗೆ ಕಾಯಿ ಒಡೀಬೇಕೇನ್ರಿ? ನಡೀರಿ ಇನ್ನ."

"ಹೋಗೂಣ್ರಿ," ಎಂದಳು ಅವಳು. "ಖಾಲಿ ಐತಿ."

"ಐತೇನ್ರಿ?" ಕ್ಲಚ್ ಹಿಡಿದ ಅವನ ಬೆರಳುಗಳು ನಡುಗುತ್ತಿದ್ದವು. "ನೀವು ನೋಡೀರೇನು? ಖರೆ ನೋಡೀರೇನು?"

ಅವಳು ಕೆಳಗಿಳಿದಳು. ಹಾಲಿನವನು ನಗುತ್ತಿದ್ದರೂ ರಸ್ತೆಯ ನಡುವೆ ಹೋಗಿ ನಿಂತು, ಆ ಕಡೆ ಈ ಕಡೆ ನೋಡಿ, ತಿರುಗಿ ಬಂದಳು. "ಯಾರೂ ಇಲ್ರಿ. ನಾ ನೋಡೀನಿ."

ಅವಳು ಹತ್ತಿ ಕುಳಿತ ಮೇಲೆ ದಾಟಿದ. ಮುಂದೆ ಬೇವಿನ ಮರದ ಕೆಳಗೆ ಬೈಕ್ ನಿಲ್ಲಿಸಿ, ಅವಳ ಕಡೆ ಬೆನ್ನು ಮಾಡಿಯೇ ಮಾತಾಡಿದ.

"ಕೊನೀ ಪೋಸ್ಟಿಂಗಿನ್ಯಾಗ, ರನ್‌ವೇ ಬಾಜೂಕ ಹುಲ್ಲ ಕೊಯ್ಯೋ ಟ್ರ್ಯಾಕ್ಟರ್ ಇತ್ತು. ಡ್ರೈವರ್ ವೈರ್‌ಲೆಸ್‌ನ್ಯಾಗ 'ಹೊಂಟೆ ಸಾಬ್' ಅಂದ. ಹೊಂಟೆ ಅಂದ್ರ ಹೋದ ಅಂತ ತಿಳಕೊಂಡೆ. ತಿರುಗಿ ನೋಡಲಿಲ್ಲ. ಕೆಂಪು ಪಟ್ಟಿ ತೆಗೆದೆ. ವಿಮಾನಕ್ಕ ಇಳೀರಿ ಅಂದೆ."

ರಾಜಶ್ರೀ ಇಳಿದಳು, ಎದುರಿಗೆ ಹೋಗದೆ ಬೈಕಿನ ಹಿಂದೆ ನಿಂತಳು.

"ಬಾಜೂಕಿದ್ದ ಸಾರ್ಜೆಂಟ್ 'ಟ್ರ್ಯಾಕ್ಟರ್ ಇನ್ನಾ ಐತಿ' ಅಂತ ಒದರಿದ. ವಿಮಾನ ಮತ್ತ ಮ್ಯಾಲೆ ಎದ್ದು ಹೋತು. ಯಾರಿಗೂ ಏನೂ ಆಗಲಿಲ್ಲ. ನಾನ ಬರದು ಕೊಟ್ಟೆ, ತಪ್ಪು ನಂದು ಅಂತ. ಎಚ್ಚರಿಕೆ ಕೊಟ್ಟು ಬಿಟ್ರು. ಆದ್ರ..." ಅವನು ಮುಖ ಒರೆಸಿಕೊಂಡ. "ಸಂಜೀಕ ಆ ಡ್ರೈವರ್ ನನಗ ಚಾ ತಂದ್ಕೊಟ್ಟ. 'ಸಾಬ್, ಇವತ್ತ ವಿಮಾನ ಭಾಳ ಸನಿ ಬಂದಿತ್ತು, ನನ್ನ ಟೊಪ್ಪಿಗಿ ಹಾರಿಹೋತು' ಅಂತ ನಕ್ಕ. ನಾ ಆ ಚಾ ಕುಡದೆ. ಅವಗ ಹೇಳಲಿಲ್ಲ."

ದೂರದಲ್ಲಿ ಇನ್ನೊಂದು ಟ್ರ್ಯಾಕ್ಟರಿನ ಸದ್ದು. ಅವನ ಹೆಗಲು ಬಿಗಿದದ್ದನ್ನು ಅವಳು ನೋಡಿದಳು.

"ಕಾಂಟ್ರ್ಯಾಕ್ಟ್ ತಗೊಂಡ್ರ ಹೋದ ಕೂಡಲೇ ಟವರಿನ್ಯಾಗ ಕೂಡಸ್ತಾರ್ರಿ, ಅನುಭವಸ್ಥ ಅಂತ. ಪರೀಕ್ಷಾ ಬರದು ಹೋದ್ರ ಮೊದಲಿಂದ ಕಲಸ್ತಾರ. ಬಾಜೂಕ ಒಬ್ಬರು ಕುಂತು ಕೈ ನೋಡ್ತಾರ. ನಾ ಅಲ್ಲಿ ಎಲ್ಲಾ ಹೇಳಾಂವನ ಇದೀನಿ, ಕಲಿಸೋರಿಗೆ ಗೊತ್ತಿರಬೇಕು. ಊರಾಗ ಹೇಳೂ ಧೈರ್ಯ ಇಲ್ಲ. ಈಗ ನಿಮಗೊಬ್ಬರಿಗೆ ಹೇಳೀನಿ."

ಈಗಲೇ, ಇಲ್ಲಿಯೇ, ಅಪ್ಪನಿಗೆ ತಾನು ಹೇಳಿದ್ದನ್ನು ಹೇಳಿಬಿಡಬೇಕು. ಅವಳ ಬಾಯಿಯವರೆಗೂ ಬಂದಿತು. ಅವನು ಆಗ ತಿರುಗಿ ನೋಡಿದ. ಅಷ್ಟು ಹಗುರಾದ ಮುಖವನ್ನು ಅವಳು ನೋಡಿಯೇ ಇರಲಿಲ್ಲ. ಮಾತು ಒಳಗೆ ಹೋಯಿತು.

*

ಮಗ್ಗಗಳ ಸದ್ದಿನಲ್ಲಿ ಬನಹಟ್ಟಿಯ ಮನೆ ಅದುರುತ್ತಿತ್ತು. ಅಂದಾನೆಪ್ಪ ಒಂದನ್ನು ಬಿಟ್ಟು ಉಳಿದವನ್ನು ಬಂದ್ ಮಾಡಿ ಹೊರಗೆ ಬಂದ. ಅತ್ತಿಗೆ ಉಮಾಶ್ರೀ ಅವಲಕ್ಕಿ ತಂದಿಟ್ಟು, ರಾಜಶ್ರೀಯ ಕಿವಿಯಲ್ಲಿ, "ಅಂಗಿ ಇಸ್ತ್ರಿ ನೋಡಬೇ, ಕೈ ಕೊಯ್ಯೂ ಹಂಗೈತಿ" ಎಂದು ಹೋದಳು.

"ಭಾಳ ಸಂತೋಷ ಆತು," ಎಂದ ಅಂದಾನೆಪ್ಪ. "ರಾಜಿ ಹೇಳಿದ್ಲು, ನೌಕರಿ ಆಗೇತಂತ. ಯಾವಾಗ ಹಾಜರ ಆಗೂದು?"

ಶಿವಯೋಗಿ ಅವಳನ್ನು ನೋಡಿದ.

ಕೋಪದ ನೋಟವಾಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅದು ಕೋಪವಲ್ಲ. ಎಲ್ಲವೂ ತಿಳಿಯಿತು ಎನ್ನುವ ನೋಟ. ಆಮೇಲೆ ಅವನು ತಟ್ಟೆ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡ. ಅವಳಿಗೆ ಗೊತ್ತಾಯಿತು: ಅವನು 'ಮುಂದಿನ ತಿಂಗಳು' ಎನ್ನಲಿದ್ದಾನೆ. ಅವಳ ಮಾನ ಉಳಿಸಲು, ನಡುಗುವ ಕೈ ಹೊತ್ತು ಆ ಟವರಿಗೆ ಹೋಗಿ ಕೂಡಲಿದ್ದಾನೆ.

"ಇಲ್ಲ ಅಪ್ಪ," ಎಂದಳು. "ಆಗಿಲ್ಲ. ನಾ ಸುಳ್ಳು ಹೇಳೀನಿ."

ಒಳಗೆ ಉಳಿದಿದ್ದ ಒಂದು ಮಗ್ಗ ಮಾತ್ರ ಬಡಿದುಕೊಳ್ಳುತ್ತಿತ್ತು. ಉಮಾಶ್ರೀ ಬಾಗಿಲಲ್ಲಿ ನಿಂತಿದ್ದಳು. ರಾಜಶ್ರೀಯ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನೆಲ ನೋಡುತ್ತ ನಿಂತ ರಾಜಶ್ರೀಗೆ ಕಾಲ ಬೆರಳೂ ಬಿಸಿಯಾದಂತೆ ಅನ್ನಿಸಿತು.

"ಕಾಂಟ್ರ್ಯಾಕ್ಟ್ ಸಿಕ್ಕೈತ್ರಿ," ಎಂದ ಶಿವಯೋಗಿ ನಿಧಾನಕ್ಕೆ. "ನಾ ಬ್ಯಾಡ ಅನ್ನಾಂವ. ಪರೀಕ್ಷಾ ಬರೀತೀನಿ."

"ಬಂದದ್ದನ್ನ ಬ್ಯಾಡ ಅನ್ನಾಕ ಕಾರಣ?"

ಶಿವಯೋಗಿ ಮತ್ತೆ ಕೈ ನೋಡಿಕೊಂಡದ್ದನ್ನು ಕಂಡು, ಅವಳು ಅಪ್ಪನ ಎದುರಿಗೆ ಬಂದು ನಿಂತಳು.

"ನನಗ ಪ್ರತಿ ವರ್ಷ ಮಾರ್ಚ್‌ನ್ಯಾಗ ಇನ್ನ ಬರಬ್ಯಾಡ ಅಂತಾರ. ಜೂನ್‌ದಾಗ ಕರದ್ರ ಉಂಟು, ಇಲ್ಲಾಂದ್ರ ಇಲ್ಲ. ನಾ ಅದನ್ನ ಒಂದಿನಾನೂ ನಿಮ್ಮ ಮುಂದ ಹೇಳಿಲ್ಲ, ನಾಚಿಕಿ ಬರ್ತಿತ್ತು." ಅಷ್ಟಕ್ಕೇ ನಿಲ್ಲಿಸಲಿಲ್ಲ. "ನನಗ ಪರೀಕ್ಷಾ ಬರಿಯಾಂವನ ಆಗ್ತಾನ ಅಪ್ಪ. ಪಾಸಾಗಲಿಲ್ಲಂದ್ರೂ ಆಗ್ತಾನ."

ಹೇಳಿದ ಮೇಲೆ ಏನು ಹೇಳಿದೆ ಎಂದು ತಿಳಿಯಿತು. ಅವನಿಗೇ ಇನ್ನೂ ಹೇಳಿರಲಿಲ್ಲ.

"ಸುಳ್ಳು ಹೇಳೂದು ಯಾವ ಕಾಲೇಜಿನ್ಯಾಗ ಕಲತಿ?" ಎಂದ ಅಂದಾನೆಪ್ಪ. ಅವನು ಎದ್ದು, ಮಗ್ಗದ ಕೋಣೆಯ ಬಾಗಿಲಲ್ಲಿ ತಿರುಗಿದ. "ಈ ಯುಗಾದಿ ಹೋಗ್ಲಿ. ಬರೂ ಯುಗಾದಿತನ ನೋಡೂಣು. ಇಬ್ಬರಾಗ ಒಬ್ಬರರ ಖಾಯಂ ಆಗ್ರಿ. ಊಟಾ ಮಾಡ್ಕೊಂಡ ಹೋಗ್ರಿ."

ತಿರುಗಿ ಬರುವಾಗ ಆ ಕೂಡುದಾರಿಯಲ್ಲಿ ಬೈಕ್ ಮತ್ತೆ ನಿಂತಿತು. ಅವನು ಕೇಳುವ ಮೊದಲೇ ಅವಳು ಎರಡೂ ಕಡೆ ನೋಡಿದ್ದಳು.

"ಅಪ್ಪಗ ಹಂಗ ಹೇಳಿದ್ದು ತಪ್ಪಾತ್ರಿ," ಎಂದಳು ಅವನ ಬೆನ್ನಿಗೆ. "ನೌಕರಿ ಆಗೇತಂತ."

"ತಿರುಗಿ ನೋಡದಂಗ ಕೆಂಪು ಪಟ್ಟಿ ತೆಗದೀರಿ." ಸ್ವಲ್ಪ ತಡೆದು ಹೇಳಿದ, "ಒದರಿದಾಕಿನೂ ನೀವ."

ಅವಳ ಕಣ್ಣು ತುಂಬಿ ಬಂದವು. ಇಸ್ತ್ರಿ ಮಡಿಕೆ ಹೋಗಿ ಸುಕ್ಕಾಗಿದ್ದ ಅಂಗಿಯ ತುದಿಯನ್ನು ಹಿಡಿದುಕೊಂಡಳು. "ಖಾಲಿ ಐತಿ," ಎಂದಳು. "ನಡೀರಿ."

*

ಮಾದೇವಿ ದೀಪ ಹಚ್ಚಿ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಅಷ್ಟರಲ್ಲಿ ಬನಹಟ್ಟಿಯಿಂದ ಫೋನ್ ಬಂದಾಗಿತ್ತು.

"ನಿಮ್ಮ ಅಪ್ಪ ಎಲ್ಲಾ ಹೇಳ್ಯಾನ. ನಾಚಿಕಿಗೇಡಿ, ನೀ ಬಾಯಿ ಬಿಟ್ಟು ಕೇಳಿದಂತಲ್ಲಲೇ," ಎಂದಳು. ಬೈಗುಳದಲ್ಲಿ ಖುಷಿ ಇತ್ತು. "ಮುಂಜಾನಿ ಎದ್ದು ಹೋದವರು ಊಟದ ಹೊತ್ತಿಗೆ ಮುಟ್ಟೀರಂತ. ಹಾದ್ಯಾಗ ಅಷ್ಟೊತ್ತು ಏನ್ ಮಾಡಿದ್ರಿ?"

ಮೆಟ್ಟಿಲು ಹತ್ತುತ್ತಿದ್ದ ಶಿವಯೋಗಿ ನಿಂತ. ತಿರುಗಲಿಲ್ಲ.

"ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬಂದಿತ್ತು ಅತ್ತಿ," ಎಂದಳು ರಾಜಶ್ರೀ.

"ಅಷ್ಟ?"

"ಅಷ್ಟ."

ಅವನ ಹೆಜ್ಜೆ ಮತ್ತೆ ಮೇಲೆ ಹೋಯಿತು. ಸ್ವಲ್ಪ ಹೊತ್ತಿಗೆ ಮಾಳಿಗೆಯಿಂದ ಟಕ್ ಎಂಬ ಸದ್ದು ಬಂದಿತು. ಕೆಂಪು ಪಟ್ಟಿಯೇ ಎಂದು ಅವಳಿಗೆ ಗೊತ್ತಿತ್ತು. ಎರಡು ಟ್ರ್ಯಾಕ್ಟರುಗಳಲ್ಲಿ ಒಂದರ ಮಾತನ್ನು ಹೇಳಿಯಾಗಿತ್ತು. ಇನ್ನೊಂದನ್ನು, ರನ್‌ವೇ ಪಕ್ಕದ ಆ ಹುಲ್ಲಿನ ಟ್ರ್ಯಾಕ್ಟರಿನದನ್ನು, ಅತ್ತೆಗಾಗಲಿ, ಅಪ್ಪನಿಗಾಗಲಿ, ಯಾರಿಗೂ ಹೇಳುವುದಿಲ್ಲ ಎಂದು ಅವಳು ಚಪ್ಪಲಿ ಬಿಚ್ಚುತ್ತ ತೀರ್ಮಾನಿಸಿದಳು.