ಅಳಿವೆಯಲ್ಲಿ ಹೋದ ಬೆನ್ನುನೋವು

ಅಣ್ಣುವನ್ನು ಕಡಲ ನಡುವಿನ ಬಂಡೆಯಿಂದ ಜೀವಸಹಿತ ತರಬೇಕು. ಕಡಲತಡಿಯ ಹೊಯ್ಗೆಬಜಾರಿನ ಮೂವರ ಕೆಲಸ ಅಷ್ಟೇ. ಸಾವಿರದ ಒಂಬೈನೂರ ಮೂವತ್ತೊಂದರ ಮಳೆಗಾಲ ಆಗಷ್ಟೇ ಮುಗಿದಿತ್ತು. ದೋಣಿ ಒಡೆದು ಅಣ್ಣು ಬಂಡೆ ಹತ್ತಿದ್ದನ್ನು ದೂರದ ಹಾಯಿಹಡಗಿನವರು ಕಂಡು ಬಂದು ತಿಳಿಸಿದ್ದರು. ಅವನ ತಮ್ಮ ಪೂವಪ್ಪ ಒಂದು ಹುಟ್ಟು ಹಿಡಿದ, ಹಂಚಿನ ಕಾರ್ಖಾನೆಯ ಸೆವರಿನ್ ಇನ್ನೊಂದು. ಚುಕ್ಕಾಣಿಗೆ ಮಾತ್ರ ಕಿಟ್ಟುವೇ ಬೇಕು. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಅಲೆ ಎಣಿಸಿ ದೋಣಿ ದಾಟಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ.

ಆದರೆ ಕಿಟ್ಟು ಮೂರು ವರ್ಷದಿಂದ ಅಳಿವೆಯ ಕಡೆ ತಲೆ ಹಾಕಿರಲಿಲ್ಲ. ಹಿಂದೊಮ್ಮೆ ಬಂಗುಡೆ ಮೀನಿನ ಆಸೆಗೆ ಬಿದ್ದು, ದೋಣಿಯನ್ನು ಅಂಚಿನವರೆಗೆ ತುಂಬಿಸಿ, ಅಲ್ಲೇ ಮಗುಚಿ, ನೀರಿನಡಿ ಸಾವಿನ ಮುಖ ನೋಡಿ ಬಂದಿದ್ದ. ಅಂದಿನಿಂದ ಯಾರು ಕರೆದರೂ ಬೆನ್ನುನೋವು. ಹೆಂಡತಿ ರಾಜೀವಿ ಎಣ್ಣೆ ತಿಕ್ಕಿ ತಿಕ್ಕಿ ಸೋತಿದ್ದಳು. ಈಗ ಅಣ್ಣುವಿನ ತಾಯಿ ಬಂದು ಬಾಗಿಲಲ್ಲಿ ಕೂತಾಗ, ಪುಣ್ಯಾತ್ಮ ಬೆನ್ನಿನ ಮಾತೆತ್ತದೆ ದೋಣಿಯತ್ತ ನಡೆದ.

ಹೋಗುವಾಗ ಅಳಿವೆ ಶಾಂತವಾಗಿತ್ತು. ಆದರೂ ಕಿಟ್ಟು ಒಂದೊಂದು ಅಲೆಯನ್ನೂ ಎರಡೆರಡು ಸಲ ಎಣಿಸಿದ. ಬಿಸಿಲೇರುವಾಗ ಅಣ್ಣು ಸಿಕ್ಕಿದ, ತುಟಿ ಒಡೆದು, ಮಾತೇ ಹೊರಡದೆ. ನೀರು ಕುಡಿಸಿ ಮಲಗಿಸಿ ತಿರುಗಿದ್ದೇ ತಡ, ಸುತ್ತಲೂ ನೀರು ಮಿರಮಿರನೆ ಹೊಳೆಯಿತು. ಬಂಗುಡೆ! ಕಿಟ್ಟು ಮೈಮರೆತ. ದೋಣಿಯಲ್ಲಿದ್ದ ಬಲೆ ಬೀಸಿದವನು ಅವನೇ. ದೋಣಿ ತುಂಬಿತು.

ಅಳಿವೆ ಮುಟ್ಟುವಾಗ ಗಾಳಿ ಎದ್ದಿತ್ತು.

ಮೀನಿನ ಭಾರಕ್ಕೆ ದೋಣಿ ಅಲೆಯ ಮೇಲೆ ಏಳಲೊಲ್ಲದು. ಮೊದಲ ಅಲೆ ಒಳಗೇ ಸುರಿಯಿತು. ಅಣ್ಣು ಕೆಮ್ಮಿದ.

"ಮೀನು ಚೆಲ್ಲಿ," ಎಂದ ಕಿಟ್ಟು.

"ನಿನಗೆ ಮರುಳಾ ಮಾರಾಯ? ವರ್ಷದ ಮೊದಲ ಬಂಗುಡೆ ಇದು," ಎಂದ ಪೂವಪ್ಪ.

"ಅವತ್ತು ನಾನೂ ಇದನ್ನೇ ಹೇಳಿದ್ದು. ಚೆಲ್ಲು."

ಮೊದಲ ತೋಳುತುಂಬ ಮೀನನ್ನು ಕಿಟ್ಟುವೇ ಎತ್ತಿ ಕಡಲಿಗೆ ಹಾಕಿದ. ಮತ್ತೆ ಎತ್ತಿದ, ಮತ್ತೆ ಹಾಕಿದ. ದೋಣಿ ಹಗುರಾಗಿ ಮೇಲೆದ್ದಿತು.

ಆಮೇಲೆ ಚುಕ್ಕಾಣಿ ಹಿಡಿದು ಹಿಂದಕ್ಕೆ ನೋಡಿದ. ಒಂದು ದೊಡ್ಡ ಅಲೆ. ಎರಡು. ಹೆದರಿಕೆ ಅಲ್ಲೇ ಇತ್ತು, ಆದರೆ ಎಣಿಕೆಗೆ ಅಡ್ಡ ಬರಲಿಲ್ಲ. ಮೂರು.

"ದೊಡ್ಡ ಮೂರು ಹೋಯ್ತು. ಇನ್ನೊಂದು ಬರುವ ಮೊದಲು, ಈಗ ಎಳೀರಿ."

ಸೆವರಿನ್ ಏಸುವನ್ನು ಕರೆಯುತ್ತ ಎಳೆದ. ಪೂವಪ್ಪ ಹಲ್ಲು ಕಚ್ಚಿ ಎಳೆದ. ಮುಂದಿನ ಅಲೆ ಹಿಂದೆ ಬಿದ್ದು ಒಡೆಯುವಷ್ಟರಲ್ಲಿ ದೋಣಿ ಹೊಳೆಯ ಶಾಂತ ನೀರಿನಲ್ಲಿತ್ತು.

ದಡದಲ್ಲಿ ಅಣ್ಣುವಿನ ತಾಯಿ ಮಗನನ್ನು ಬಿಡಲೊಲ್ಲಳು. ದೋಣಿ ಹೋದರೆ ಮೀನೂ ಬಂದೀತೆಂದು ಮಸಾಲೆ ಅರೆದಿಟ್ಟು ಬಂದಿದ್ದ ರಾಜೀವಿ ಬರಿದಾದ ದೋಣಿಯನ್ನೂ ಗಂಡನನ್ನೂ ನೋಡಿದಳು.

"ಬೆನ್ನು ಹೇಗುಂಟು?"

"ಬೆನ್ನಿಗೆ ಎಂತದ್ದೂ ಆಗಿರ್ಲಿಲ್ಲ. ಸಾಯ್ತೇನೆ ಅಂತ ಹೆದರಿಕೆ ಇದ್ದದ್ದು."

"ಗೊತ್ತುಂಟು. ಮೂರು ವರ್ಷದ ಎಣ್ಣೆ ದಂಡ," ಎಂದು ಅವಳು ಕಣ್ಣೊರೆಸಿಕೊಂಡು ನಕ್ಕಳು.

ಅಂದು ಮೀನಿನ ಮಸಾಲೆಗೆ ಬಂಗುಡೆಯ ಬದಲು ಸೌತೆಕಾಯಿ ಬಿತ್ತು. ಕಿಟ್ಟು ಮೂರು ಸಲ ಬಡಿಸಿಕೊಂಡು ಉಂಡ.